ಕಟ್ಟಿದ್ದೆಲ್ಲ ಕಟ್ಟುಕಥೆಯೇ?

ಇಂಗ್ಲಿಷಿನಲ್ಲಿ ‘ಕನ್‌ಸ್ಟ್ರಕ್ಟಿವ್ ಥಿಯಾಲಜಿ’ ಎನ್ನುವ ಕ್ರೈಸ್ತ ಚಿಂತನಾಕ್ರಮವನ್ನು ಕನ್ನಡದಲ್ಲಿ ‘ರಚನಾತ್ಮಕ ದೈವಶಾಸ್ತ್ರ’ ಎಂದುಬಿಟ್ಟರೆ ಅರ್ಥ ಜಾರಿಹೋಗುತ್ತದೆ. ರಚನಾತ್ಮಕ ಎಂದೊಡನೆ ನಮಗೆ ನೆನಪಾಗುವುದು ಒಳಿತಿಗೆ ಒದಗುವ ಟೀಕೆ ಅಥವಾ ಸಲಹೆ; ಇಲ್ಲಿರುವುದಾದರೋ ಅಕ್ಷರಶಃ ಕಟ್ಟುವ ಕೆಲಸ. ಮನೆಯನ್ನು, ಹಾರವನ್ನು, ಪದವನ್ನು ಕಟ್ಟುತ್ತೇವೆ ಎನ್ನುವ ನಮ್ಮ ಭಾಷೆಯಲ್ಲೇ ‘ಕಟ್ಟುಕಥೆ’ ಎಂಬ ಮಾತೂ ಇದೆ. ದೇವರ ಕುರಿತ ಮಾತು ಮನುಷ್ಯರು ಕಟ್ಟಿದ್ದು ಎಂದು ಮೊದಲ ಸಲ ಓದಿದಾಗ ನನಗೆ ಆದ ಕಸಿವಿಸಿಗೆ ಆ ಪದವೇ ಕಾರಣ.

ಈ ಮಾತನ್ನು ಅತ್ಯಂತ ನೇರವಾಗಿ ಆಡಿದವರು ಹಾರ್ವರ್ಡ್‌ನಲ್ಲಿ ಬೋಧಿಸುತ್ತಿದ್ದ ಗಾರ್ಡನ್ ಕಾಫ್‌ಮನ್. 1968ರಲ್ಲಿ ಹಳೆಯ ಮಾದರಿಯ ಕ್ರಮಬದ್ಧ ದೈವಶಾಸ್ತ್ರದ ದೊಡ್ಡ ಗ್ರಂಥವೊಂದನ್ನು ಬರೆದಿದ್ದ ಅವರು, 1975ರಲ್ಲಿ ವಿಧಾನವನ್ನು ಕುರಿತ ಒಂದು ಕಿರುಹೊತ್ತಗೆಯಲ್ಲಿ, ದೈವಶಾಸ್ತ್ರವು ಆದಿಯಿಂದಲೂ ಕಲ್ಪನಾಶಕ್ತಿಯ ಕಟ್ಟೋಣವೇ ಆಗಿತ್ತು, ಈಗ ಅದನ್ನು ಅರಿತು ಮಾಡಬೇಕಾಗಿದೆ ಎಂದು ವಾದಿಸಿದರು. ಅವರು ದೈವಶಾಸ್ತ್ರದ ಮೂರು ಹಂತಗಳನ್ನು ಗುರುತಿಸಿದರು. ಮೇಜು ಕುರ್ಚಿಗಳ ಕುರಿತು ಮಾತನಾಡುವಂತೆ ದೇವರ ಕುರಿತು ಮಾತನಾಡುವುದು ಮೊದಲ ಹಂತ. ಆ ಮಾತುಗಳೆಲ್ಲ ಒಂದೊಂದು ಕಾಲದ ಮನುಷ್ಯರ ರಚನೆಗಳೆಂದು ಗುರುತಿಸಿ ಹೋಲಿಸುವುದು ಎರಡನೆಯದು. ಆ ಅರಿವಿನೊಂದಿಗೇ, ಹೊಣೆ ಹೊತ್ತು, ಮತ್ತೆ ಕಟ್ಟುವುದು ಮೂರನೆಯದು. ಕಟ್ಟಿದ್ದನ್ನು ಒರೆಗೆ ಹಚ್ಚಲು ಅವರು ಬಳಸಿದ ಕಲ್ಲು ನನಗೆ ಬಹಳ ಮುಖ್ಯವೆನಿಸುತ್ತದೆ: ದೇವರೆಂಬ ಕಲ್ಪನೆಯು ನಮ್ಮ ಸ್ವಂತದ ಎಲ್ಲ ವಿಗ್ರಹಗಳನ್ನು, ಅಂದರೆ ದೇಶ, ಕುಲ, ಸಂಪತ್ತು, ಕೊನೆಗೆ ಚರ್ಚನ್ನೂ, ಪರಮವಲ್ಲವೆಂದು ತೋರಿಸಿ ಸಾಪೇಕ್ಷಗೊಳಿಸುತ್ತದೆಯೇ? ನಮ್ಮನ್ನು ಹೆಚ್ಚು ಮನುಷ್ಯರನ್ನಾಗಿ ಮಾಡುತ್ತದೆಯೇ?

ಇದು ಬರೀ ತರ್ಕದ ಆಟವಾಗಿರಲಿಲ್ಲ. ಕಾಫ್‌ಮನ್ ಆಯುಧ ಹಿಡಿಯಲೊಪ್ಪದ ಮೆನೋನೈಟ್ ಎಂಬ ಕ್ರೈಸ್ತ ಪಂಥದ ಪರಂಪರೆಯವರು. 1985ರಲ್ಲಿ ಪ್ರಕಟವಾದ, ಅಣ್ವಸ್ತ್ರಗಳ ಯುಗದ ದೈವಶಾಸ್ತ್ರವನ್ನು ಕುರಿತ ಪುಸ್ತಕದಲ್ಲಿ ಅವರು ಕೇಳಿದ ಪ್ರಶ್ನೆ ಇಂದಿಗೂ ಮೈ ನಡುಗಿಸುತ್ತದೆ. ಮನುಷ್ಯನೇ ಮನುಕುಲವನ್ನು ಮುಗಿಸಬಲ್ಲ ಸ್ಥಿತಿಯಲ್ಲಿ, ಎಲ್ಲವನ್ನೂ ಆಳುವ ಸರ್ವಶಕ್ತ ಅರಸ ಎಂಬ ದೇವರ ಚಿತ್ರವು ಏನು ಮಾಡುತ್ತದೆ? ನಾಶವಾದರೆ ಅದು ದೈವಚಿತ್ತ ಎಂದೋ, ದೇವರು ಹಾಗಾಗಲು ಬಿಡುವುದಿಲ್ಲ ಎಂದೋ ನಾವು ಕೈಕಟ್ಟಿ ಕೂರಲು ಅದು ನೆರವಾಗುತ್ತದೆ. ಚಿತ್ರವೇ ಅಪಾಯಕಾರಿಯಾದಾಗ ಅದನ್ನು ಬಿಚ್ಚಿ ಮತ್ತೆ ಕಟ್ಟದೆ ದಾರಿಯಿಲ್ಲ. ಅಮೆರಿಕದ ದೈವಶಾಸ್ತ್ರಜ್ಞೆ ಸ್ಯಾಲಿ ಮೆಕ್‌ಫೇಗ್ 1987ರಲ್ಲಿ ತಾಯಿ, ಪ್ರೇಮಿ, ಸ್ನೇಹಿತ ಎಂಬ ದೇವರ ಮಾದರಿಗಳನ್ನೂ ಜಗತ್ತು ದೇವರ ದೇಹ ಎಂಬ ರೂಪಕವನ್ನೂ ಮುಂದಿಟ್ಟದ್ದು ಇದೇ ಕಳವಳದಿಂದ. ಯಾವ ರೂಪಕವೂ ದೇವರಲ್ಲ ಎಂಬ ಎಚ್ಚರವನ್ನು ಅವರು ಎಲ್ಲಿಯೂ ಬಿಡಲಿಲ್ಲ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಪ್ರಾರ್ಥಿಸುವಾಗ ‘ತಂದೆ’ ಎಂಬುದೂ ರೂಪಕವೇ ಎಂದು ನನಗೆ ಹೊಳೆದದ್ದು ಅವರನ್ನು ಓದಿದ ಮೇಲೆಯೇ. ಪ್ರಾರ್ಥನೆ ಅದರಿಂದ ಬಡವಾಗಲಿಲ್ಲ.

ಪರಂಪರೆಯನ್ನು ಬಿಟ್ಟು ಹೊಸದನ್ನು ಕಟ್ಟುವುದೇ ಈ ವಿಧಾನ ಎಂಬ ಆಕ್ಷೇಪ ಸರಿಯಲ್ಲ. ಪೀಟರ್ ಹಾಜ್ಸನ್ ಮತ್ತು ರಾಬರ್ಟ್ ಕಿಂಗ್ ಸಂಪಾದಿಸಿ, ಅಮೆರಿಕದ ದೈವಶಾಸ್ತ್ರಜ್ಞರ ತಂಡವೊಂದು 1982ರಲ್ಲಿ ಹೊರತಂದ ಗ್ರಂಥವು ಒಂದೊಂದು ಸಿದ್ಧಾಂತದ ಸಾಂಪ್ರದಾಯಿಕ ನಿರೂಪಣೆಯಿಂದಲೇ ಹೊರಟು, ಆಧುನಿಕ ಪ್ರಜ್ಞೆ ಅದಕ್ಕೆ ಒಡ್ಡಿದ ಸವಾಲನ್ನು ದಾಟಿ, ಆಮೇಲಷ್ಟೇ ಹೊಸ ಪ್ರಸ್ತಾಪಕ್ಕೆ ಬರುತ್ತದೆ. ಹಳೆಯ ತೊಲೆಗಳನ್ನು ಎಸೆಯದೆ ಮನೆಯನ್ನು ಮರಳಿ ಕಟ್ಟುವ ರೀತಿ ಅದು. ನನ್ನ ತಕರಾರು ಬೇರೆ: ಕಟ್ಟುವ ಕೈಗಳು ಯಾರವು? ವಿಶ್ವವಿದ್ಯಾಲಯದ ಪ್ರಾಧ್ಯಾಪಕನ ಕಲ್ಪನೆಯನ್ನೇ ಮನುಷ್ಯಕಲ್ಪನೆ ಎಂದು ಬಗೆಯುವ ಅಪಾಯ ಇಲ್ಲಿ ನಿಜವಾಗಿಯೂ ಇದೆ.

ಇದಕ್ಕೆ ಒಂದು ಉತ್ತರ ನಮ್ಮ ಬೆಂಗಳೂರಿನಿಂದಲೇ ಬಂತು. 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಕಾಫ್‌ಮನ್ ಸಂದರ್ಶಕರಾಗಿ ಪಾಠ ಹೇಳಿದ್ದರು. ಅಲ್ಲಿಯೇ 1981ರಲ್ಲಿ ಅರವಿಂದ ನಿರ್ಮಲ್ ಶೂದ್ರ ದೈವಶಾಸ್ತ್ರವನ್ನು ಕುರಿತು ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರ ಕುಡಿಯೊಡೆಯಿತು. ಭಾರತದ ಕ್ರೈಸ್ತ ಚಿಂತನೆ ಮೇಲ್ಜಾತಿಯ ವೇದಾಂತದ ಪರಿಭಾಷೆಗೆ ಅಂಟಿಕೊಂಡು ಬಹುಪಾಲು ದಲಿತರೇ ಆದ ಕ್ರೈಸ್ತರ ಬದುಕನ್ನೇ ಮರೆತದ್ದನ್ನು ಈ ಧಾರೆ ಎತ್ತಿ ತೋರಿಸಿತು. ಹಾರ್ವರ್ಡ್‌ನಲ್ಲಿ ಸಂಶೋಧನೆ ಮಾಡಿ ಬಂದು ಇದೇ ಕಾಲೇಜಿನಲ್ಲಿ ಬೋಧಿಸಿದ ಸತ್ಯನಾಥನ್ ಕ್ಲಾರ್ಕ್, 1998ರ ತಮ್ಮ ಪುಸ್ತಕದಲ್ಲಿ ಕಲ್ಪನೆಯ ಕಟ್ಟೋಣ ಎಂಬ ಕಾಫ್‌ಮನ್ನರ ವಿಚಾರವನ್ನು ಕೈಗೆತ್ತಿಕೊಂಡರಾದರೂ, ಕಟ್ಟುವ ಸಾಮಗ್ರಿಯನ್ನು ತಂದದ್ದು ತಮಿಳುನಾಡಿನ ಪರೈಯರ ಕೇರಿಯಿಂದ. ಆ ಸಾಮಗ್ರಿ ಪರೈ ವಾದ್ಯ. ಸತ್ತ ಪ್ರಾಣಿಯ ಚರ್ಮದ್ದೆಂದು ಮೈಲಿಗೆಯೆನಿಸಿದ, ಅಕ್ಷರದಿಂದ ದೂರ ಇರಿಸಲ್ಪಟ್ಟ ಜನ ತಮ್ಮ ದೇವರೊಡನೆ ಮಾತನಾಡಲು ಬಳಸಿದ ಆ ವಾದ್ಯದಲ್ಲಿ ಕ್ಲಾರ್ಕ್ ಕ್ರಿಸ್ತನನ್ನು ಕಂಡರು. ಗ್ರಂಥ ಓದಲು ಅವಕಾಶವಿಲ್ಲದ ಆ ಜನರೂ ತಲೆಮಾರುಗಳಿಂದ ದೈವಶಾಸ್ತ್ರವನ್ನು ಕಟ್ಟುತ್ತಲೇ ಬಂದಿದ್ದರು. ಪುಟಗಳ ಮೇಲಲ್ಲ, ಚರ್ಮದ ಮೇಲೆ.