ಬೀಗದ ಕೀಯಿಂದ ಪೈಪು ಕೆರೆದ ಮೇಲೆ

ಮೆಟ್ಟಿಲ ಕೆಳಗೆ, ನೀರಿನ ಮೀಟರಿನ ಹಿಂದೆ ಒಂದು ಪೈಪು ಗೋಡೆಯೊಳಗೆ ಹೋಗುತ್ತದೆ. ಮಂಕು ಬೂದು ಬಣ್ಣ, ಜೋಡಿಸಿದ ಕಡೆ ಗಡ್ಡೆ ಕಟ್ಟಿದ ಹಾಗೆ ಉಬ್ಬು. ಈ ಮನೆಗೆ ಬಂದು ಇಷ್ಟು ವರ್ಷವಾದರೂ ಒಂದು ದಿನ ಅದರ ಕಡೆ ಸರಿಯಾಗಿ ನೋಡಿರಲಿಲ್ಲ. ಹೋದ ವಾರ ಫ್ರಿಜ್ಜಿನ ಬಾಗಿಲ ಮೇಲಿದ್ದ ಮ್ಯಾಗ್ನೆಟ್ ತಂದು ಹಿಡಿದೆ, ಅಂಟದೆ ಕೆಳಗೆ ಬಿತ್ತು. ಆಮೇಲೆ ಬೀಗದ ಕೀಯಿಂದ ಮೆಲ್ಲಗೆ ಕೆರೆದೆ. ಒಂದೇ ಎಳೆತಕ್ಕೆ ಗೀರು ಬಿತ್ತು, ಗೀರಿನೊಳಗೆ ಹೊಸ ಬೆಳ್ಳಿಯ ಹೊಳಪು. ಕಬ್ಬಿಣವಾಗಿದ್ದರೆ ಮ್ಯಾಗ್ನೆಟ್ ಕಚ್ಚಿಕೊಳ್ಳಬೇಕಿತ್ತು, ತಾಮ್ರವಾಗಿದ್ದರೆ ಕೆಂಪು ಕಾಣಬೇಕಿತ್ತು. ಇದು ಸೀಸ. (ಕೆರೆದ ಮೇಲೆ ಕೈ ತೊಳೆಯಿರಿ. ನಾನು ಮರೆತು ಹಾಗೇ ಊಟಕ್ಕೆ ಕೂರುವವನಿದ್ದೆ.)

ನೀರು ಸರಬರಾಜು ಕಚೇರಿಗೆ ಫೋನ್ ಮಾಡಿದೆ. "ನಮ್ಮ ನೀರಲ್ಲಿ ಸೀಸ ಇಲ್ಲ ಸಾರ್, ರಿಪೋರ್ಟ್ ಇದೆ" ಅಂದರು. ಸುಳ್ಳು ಹೇಳಿದರು ಅನ್ನಲಾರೆ. ಶುದ್ಧೀಕರಣ ಘಟಕದಿಂದ ಹೊರಡುವಾಗ ನೀರು ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ಬೀದಿಯ ದೊಡ್ಡ ಪೈಪಿನಿಂದ ಮನೆಗೆ ಬರುವ ಕೊನೆಯ ಕೆಲವು ಮೀಟರ್‌ಗಳಲ್ಲಿ, ಹಳೇ ಬೆಸುಗೆಯಲ್ಲಿ, ಹಳೇ ಹಿತ್ತಾಳೆ ನಲ್ಲಿಯಲ್ಲಿ. ಘಟಕದಲ್ಲಿ ತೆಗೆದ ಸ್ಯಾಂಪಲ್ಲಿಗೆ ನಮ್ಮ ಮೆಟ್ಟಿಲ ಕೆಳಗಿನ ಪೈಪು ಹೇಗೆ ಗೊತ್ತಾಗಬೇಕು?

ಇಷ್ಟು ವರ್ಷ ಏನೂ ಆಗಲಿಲ್ಲವಲ್ಲ ಅಂತ ಮನೆಯಲ್ಲಿ ಕೇಳಿದರು. ಸೀಸದ ಪೈಪಿನ ಒಳಗೆ ಕಾಲಕ್ರಮೇಣ ಒಂದು ಪದರ ಕಟ್ಟಿಕೊಳ್ಳುತ್ತದೆ, ನೀರಿಗೂ ಲೋಹಕ್ಕೂ ನಡುವೆ ಅದೇ ಗೋಡೆ. ನೀರಿನ ಗುಣ ಬದಲಾದರೆ ಪದರ ಕರಗುತ್ತದೆ. ಅಮೆರಿಕದ ಫ್ಲಿಂಟ್‌ನಲ್ಲಿ 2014ರಲ್ಲಿ ಖರ್ಚು ಉಳಿಸಲು ನೀರಿನ ಮೂಲವನ್ನೇ ಬದಲಾಯಿಸಿ ನದಿ ನೀರು ಬಿಟ್ಟರು, ಪೈಪು ಸವೆಯದಂತೆ ಹಾಕಬೇಕಾದ ಫಾಸ್ಫೇಟ್ ಹಾಕಲಿಲ್ಲ. ಪೈಪುಗಳು ಹಳೆಯವೇ, ನೀರು ಮಾತ್ರ ಬೇರೆ. ವಾಷಿಂಗ್ಟನ್‌ನಲ್ಲಿ ಅದಕ್ಕೂ ಮುಂಚೆ, 2000ದಲ್ಲಿ, ನೀರಿನ ರೋಗಾಣು ಕೊಲ್ಲಲು ಕ್ಲೋರಿನ್ ಬದಲು ಕ್ಲೋರಮೈನ್ ಅನ್ನುವ ಇನ್ನೊಂದು ರಾಸಾಯನಿಕ ಹಾಕಲು ಶುರು ಮಾಡಿದರು. ಅಷ್ಟಕ್ಕೇ ನಲ್ಲಿ ನೀರಿನಲ್ಲಿ ಸೀಸ ಏರಿತು.

ಸೀಸಕ್ಕೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಲೀಟರಿಗೆ 10 ಮೈಕ್ರೋಗ್ರಾಂ ಅನ್ನುತ್ತದೆ, ಆದರೆ ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಮಟ್ಟ ಯಾವುದೂ ಇಲ್ಲ ಅಂತಲೂ ಅದೇ ಸಂಸ್ಥೆ ಹೇಳುತ್ತದೆ. ದೊಡ್ಡವರ ದೇಹಕ್ಕಿಂತ ಚಿಕ್ಕ ಮಕ್ಕಳ ದೇಹ ಇದನ್ನು ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳುತ್ತದೆ. ಪುಡಿ ಹಾಲು ಕಲಸಿ ಕುಡಿಸುವ ಕೂಸಿದ್ದರೆ ಕುಡಿಯುವುದೆಲ್ಲ ಈ ನೀರೇ ಅಲ್ವಾ?

ಎಲ್ಲರೂ ಮೊದಲು ಹೇಳುವುದು "ಕುದಿಸಿ ಕುಡಿಯಿರಿ" ಅಂತ. ಕುದಿಸಿದರೆ ನೀರು ಆವಿಯಾಗುತ್ತದೆ, ಸೀಸ ಪಾತ್ರೆಯಲ್ಲೇ ಉಳಿಯುತ್ತದೆ. ಗೀಸರಿನ ಬಿಸಿ ನೀರನ್ನು ಅಡುಗೆಗೆ ಹಿಡಿಯಲೇಬೇಡಿ, ಬಿಸಿ ನೀರಿನಲ್ಲಿ ಸೀಸ ಬೇಗ ಬಿಡುತ್ತದೆ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರಿನ ಮೇಲಂತೂ ಅನುಮಾನ ಇರಲೇಬೇಕು. ಬೆಳಿಗ್ಗೆ ಮೊದಲು ಸ್ನಾನ, ಬಟ್ಟೆ ಎಲ್ಲ ಮುಗಿಯಲಿ, ಅಡುಗೆಮನೆ ನಲ್ಲಿಯನ್ನೂ ಕೆಲವು ನಿಮಿಷ ಹರಿಯಬಿಟ್ಟು ಆಮೇಲೆ ಕುಡಿಯಲು ಹಿಡಿಯಿರಿ. ನಲ್ಲಿಯ ಬಾಯಿಯಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ, ಬಿಚ್ಚಿ ನೋಡಿ. ನಮ್ಮದರಲ್ಲಿ ಬೂದು ಬಣ್ಣದ ಚೂರುಗಳಿದ್ದವು, ಸಾಸಿವೆಗಿಂತ ಚಿಕ್ಕವು. ಫಿಲ್ಟರ್ ಕೊಳ್ಳುವುದಾದರೆ ಸೀಸ ತೆಗೆಯುತ್ತದೆ ಅಂತ ಸರ್ಟಿಫಿಕೇಟ್ ಇರುವುದನ್ನೇ ಕೊಳ್ಳಿ, ಆರ್‌ಓ ಆದರೂ ನಡೆಯುತ್ತದೆ. ಕಾರ್ಟ್ರಿಜ್ ಹೊತ್ತಿಗೆ ಸರಿಯಾಗಿ ಬದಲಾಯಿಸದಿದ್ದರೆ ಸುಮ್ನೆ ದುಡ್ಡು ದಂಡ.

ಇದೆಲ್ಲ ಪೈಪು ಬದಲಾಗುವ ತನಕ. ಬದಲಾಯಿಸುವಾಗಲೂ ಒಂದು ಜಗಳ ಕಾದಿರುತ್ತದೆ. ಬೀದಿ ಕಡೆಯದು ಅವರದು, ಕಾಂಪೌಂಡಿನ ಒಳಗಿನದು ನಿಮ್ಮದು ಅನ್ನುತ್ತಾರೆ, ಬಹಳ ಕಡೆ ಅವರ ಅರ್ಧ ಮಾತ್ರ ಬದಲಾಯಿಸಿ ಹೋಗಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಕತ್ತರಿಸುವಾಗಿನ ಅಲುಗಾಟಕ್ಕೆ ಒಳಗಿನ ಪದರ ಉದುರುತ್ತದೆ, ಹೊಸ ತಾಮ್ರವನ್ನು ಹಳೇ ಸೀಸಕ್ಕೆ ನೇರವಾಗಿ ಜೋಡಿಸಿದರೆ ಸೀಸ ಇನ್ನೂ ಬೇಗ ಸವೆಯುತ್ತದೆ. ಕೆಲಸ ಆದ ಮೇಲೆ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ನೀರಿನಲ್ಲಿ ಸೀಸ ಮೊದಲಿಗಿಂತ ಜಾಸ್ತಿ. ಅಮೆರಿಕದ ಮ್ಯಾಡಿಸನ್ ನಗರದವರು ಇದನ್ನು ಸರಿಯಾಗಿ ಮಾಡಿದರು. ಫಾಸ್ಫೇಟ್ ಹಾಕಿದರೆ ಅದು ಕೊನೆಗೆ ಕೆರೆಗಳಿಗೆ ಸೇರಿ ಪಾಚಿ ಬೆಳೆಯುತ್ತದೆ ಅಂತ ಬೇಡವೆಂದು, 2001ರಿಂದ ಪೂರ್ತಿ ಪೈಪನ್ನೇ ಕಿತ್ತು ಹಾಕಲು ಹೊರಟರು. ಮನೆಯವರ ಪಾಲಿನ ಖರ್ಚಿನಲ್ಲಿ ಅರ್ಧವನ್ನು, 1000 ಡಾಲರ್ ಮೀರದಂತೆ, ನಗರವೇ ಕೊಟ್ಟಿತು. ಮುಗಿಸಲು ಹತ್ತು ವರ್ಷದ ಮೇಲೆ ಹಿಡಿಯಿತು, ಆದರೆ ಮುಗಿಯಿತು.

ನನ್ನ ಅರ್ಜಿ ಕೊಟ್ಟಾಗಿದೆ, ಅದರ ಜೊತೆ ಲ್ಯಾಬ್ ರಿಪೋರ್ಟ್ ಬೇಕಂತೆ. ಕನಿಷ್ಠ ಆರು ಗಂಟೆ ಮನೆಯಲ್ಲಿ ಯಾರೂ ನೀರು ಬಳಸಬಾರದು, ಆಮೇಲೆ ಒಂದರ ಹಿಂದೊಂದು ಬಾಟಲಿ ತುಂಬಬೇಕು. ಮೊದಲ ಲೀಟರಿನಲ್ಲಿ ನಲ್ಲಿಯ ಸಮಾಚಾರ ಸಿಗುತ್ತದೆ, ಬೀದಿಯಿಂದ ಬರುವ ಪೈಪಿನದು ಗೊತ್ತಾಗಲು ನಾಲ್ಕೈದನೆಯ ಲೀಟರ್ ತನಕ ಹೋಗಬೇಕು. ರಾತ್ರಿ ಯಾರಾದರೂ ಒಂದು ಸಲ ಫ್ಲಶ್ ಮಾಡಿದರೂ ಲೆಕ್ಕ ಕೆಟ್ಟಿತು. ಅದಕ್ಕೇ ಅಡುಗೆಮನೆ ನಲ್ಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದೇನೆ, ಬಚ್ಚಲಲ್ಲಿ ಎರಡು ಬಕೆಟ್ ತುಂಬಿಸಿಟ್ಟು ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ. ಐದು ಬಾಟಲಿಗೂ ನಂಬರ್ ಬರೆದಾಗಿದೆ. ಅಲಾರಂ ಐದೂವರೆಗೆ.