ಹತ್ತು ಸಾವಿರದ ಬೋನಸ್ಸಿಗೆ ಮೂರೂವರೆ ಲಕ್ಷದ ಆಟ

ರೀಲ್ಸ್ ನೋಡ್ತಾ ಕೂತರೆ ಸಾಕು, ನಡುವೆ ಒಬ್ಬ ಬಂದು ಅಚ್ಚ ಕನ್ನಡದಲ್ಲೇ ಕೂಗುತ್ತಾನೆ, ನಮ್ಮ ಆನ್‌ಲೈನ್ ಕ್ಯಾಸಿನೊದಲ್ಲಿ ಹತ್ತು ಸಾವಿರ ಹಾಕಿ, ಬೋನಸ್ ಹತ್ತು ಸೇರಿಸಿ ಇಪ್ಪತ್ತು ಸಾವಿರದಿಂದ ಆಟ ಶುರು ಮಾಡಿ ಅಂತ. ಟೆಲಿಗ್ರಾಂ ಗ್ರೂಪುಗಳಲ್ಲಂತೂ ಕೇಳೋದೇ ಬೇಡ. ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಬುತ್ತಿ ಬಿಚ್ಚುವ ಹೊತ್ತಿಗೆ ನಮ್ಮ ಹುಡುಗರದ್ದು ಇದೇ ಮಾತು, ಕೊನೆಗೆ ಮೊಬೈಲ್ ಹಿಡಿದು ನನ್ನ ಟೇಬಲ್ಲಿಗೇ ಬರುತ್ತಾರೆ. "ಅಣ್ಣಾ, ಇದು ಖರೇನಾ? ತಗೊಂಡ್ರೆ ಲಾಭ ಐತಾ?" ಜೂಜು ಕೆಟ್ಟದ್ದು ಅಂತ ಹೇಳಿದರೆ ಯಾರೂ ನಿಂತು ಕೇಳುವುದಿಲ್ಲ. ಲೆಕ್ಕ ಹೇಳಿದರೆ ಮಾತ್ರ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಅದಕ್ಕೇ ಆ ಲೆಕ್ಕವನ್ನೇ ಇಲ್ಲಿ ಬರೆದಿಡುತ್ತೇನೆ.

ಮೊದಲು ಒಂದು ವಿಷಯ. ಬೋನಸ್ ಅಂತ ತೋರಿಸುವ ಹತ್ತು ಸಾವಿರ ನಿಮ್ಮ ದುಡ್ಡಲ್ಲ. ಅದನ್ನು ಬ್ಯಾಂಕಿಗೆ ಹಾಕಿಕೊಳ್ಳಬೇಕಾದರೆ ಇಷ್ಟು ಮೊತ್ತದ ಆಟ ಆಡಿರಬೇಕು ಅಂತ ಒಂದು ಷರತ್ತು ಇರುತ್ತದೆ. ಅದಕ್ಕೆ ವೇಜರಿಂಗ್ ಅಂತಾರೆ, ಕೆಲವು ಸೈಟುಗಳು ರೋಲೋವರ್, ಟರ್ನೋವರ್ ಅಂತಲೂ ಬರೆಯುತ್ತವೆ. ಮೂವತ್ತೈದು ಪಟ್ಟು ಅನ್ನೋದು ಬಹಳ ಕಡೆ ಕಾಣುವ ಷರತ್ತು. ಹತ್ತು ಸಾವಿರದ ಮೂವತ್ತೈದು ಪಟ್ಟು ಅಂದರೆ 3,50,000 ರೂಪಾಯಿ. ಅಷ್ಟು ದುಡ್ಡು ನಿಮ್ಮ ಹತ್ತಿರ ಇರಬೇಕು ಅಂತಲ್ಲ, ಗೆದ್ದದ್ದು ಸೋತದ್ದು ಎಲ್ಲ ಸೇರಿ ನೀವು ಕಟ್ಟಿದ ಪಣಗಳ ಒಟ್ಟು ಮೊತ್ತ ಅಷ್ಟಾಗಬೇಕು.

ಈಗ ಆಟದ ಕಡೆ ಬನ್ನಿ. ಬಟನ್ ಒತ್ತಿ ಚಿತ್ರಗಳ ಚಕ್ರ ತಿರುಗಿಸುವ ಸ್ಲಾಟ್ ಆಟಗಳಿಗೆ ಆರ್‌ಟಿಪಿ ಅಂತ ಒಂದು ಸಂಖ್ಯೆ ಇರುತ್ತದೆ, ರಿಟರ್ನ್ ಟು ಪ್ಲೇಯರ್, ಅಂದರೆ ಆಡುವವನಿಗೆ ವಾಪಸ್ ಬರುವ ಪಾಲು. ಶೇ. 96 ಅಂತಿದ್ದರೆ, ದೀರ್ಘಕಾಲದಲ್ಲಿ ಕಟ್ಟಿದ ಪ್ರತಿ ನೂರು ರೂಪಾಯಿಗೆ ಸರಾಸರಿ ತೊಂಬತ್ತಾರು ವಾಪಸ್, ನಾಲ್ಕು ಕ್ಯಾಸಿನೊಗೆ. ಈ ನಾಲ್ಕು ಸಣ್ಣದಾಗಿ ಕಾಣುತ್ತದೆ. ಆದರೆ ಅದು ನಿಮ್ಮ ಡೆಪಾಸಿಟ್ ಮೇಲೆ ಅಲ್ಲ, ಆ ಮೂರೂವರೆ ಲಕ್ಷದ ಮೇಲೆ ಬೀಳುತ್ತದೆ. 3,50,000ದ ಶೇ. 4 ಅಂದರೆ 14,000. ಹತ್ತು ಸಾವಿರದ ಬೋನಸ್ ಬಿಡಿಸಿಕೊಳ್ಳಲು ಸರಾಸರಿ ಹದಿನಾಲ್ಕು ಸಾವಿರ ಖರ್ಚು. ನಿಮ್ಮ ಹತ್ತು, ಅವರ ಹತ್ತು, ಒಟ್ಟು ಇಪ್ಪತ್ತರಲ್ಲಿ ಆರು ಸಾವಿರ ಉಳಿಯಿತು. ಬೋನಸ್ ಮುಟ್ಟದೇ ಸುಮ್ನೆ ಇದ್ದಿದ್ದರೆ ಹತ್ತು ಸಾವಿರ ಹತ್ತು ಸಾವಿರವಾಗೇ ಇರುತ್ತಿತ್ತು, ಅಲ್ವಾ?

ನಮ್ಮೂರಿನ ಮಾರುಕಟ್ಟೆ ನೆಹರೂ ಗಂಜಿಗೆ ತೊಗರಿ ತರುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹರಾಜಿನ ಸವಾಲಿನಲ್ಲಿ ಕೂಗಿದ ರೇಟು ಬೇರೆ, ಹಮಾಲಿ, ತೂಕ, ತೇವಾಂಶದ ಕಡಿತ ಎಲ್ಲ ಹೋಗಿ ಪಟ್ಟಿಯ ಕೊನೆಯಲ್ಲಿ ಬರುವ ಮೊತ್ತ ಬೇರೆ.

ಇನ್ನೂ ಒಂದು ಮಾತು. ಮೂವತ್ತೈದು ಪಟ್ಟು ಯಾವುದರ ಮೇಲೆ ಅಂತ ನೋಡಬೇಕು. ಬರೀ ಬೋನಸ್ ಮೇಲಾದರೆ ಮೇಲಿನ ಲೆಕ್ಕ. ಡೆಪಾಸಿಟ್ ಮತ್ತು ಬೋನಸ್ ಎರಡರ ಮೇಲೂ ಅಂತ ಬರೆದಿದ್ದರೆ ಏಳು ಲಕ್ಷದ ಆಟ, ಸರಾಸರಿ ನಷ್ಟ 28,000. ನಿಮ್ಮ ಖಾತೆಯಲ್ಲಿ ಇರುವುದೇ ಇಪ್ಪತ್ತು ಸಾವಿರ! ಜಾಹೀರಾತಿನಲ್ಲಿ ಇದು ಇರುವುದಿಲ್ಲ. ಷರತ್ತುಗಳ ಪುಟದಲ್ಲಿ ಒಂದೇ ಒಂದು ಪದದ ವ್ಯತ್ಯಾಸವಾಗಿ ಕೂತಿರುತ್ತದೆ.

ಸುಲಭದ ಅಳತೆ ಬೇಕಾದರೆ ನೂರನ್ನು ಕ್ಯಾಸಿನೊದ ಪಾಲಿನಿಂದ ಭಾಗಿಸಿ. ನಾಲ್ಕು ಅಂದರೆ ಇಪ್ಪತ್ತೈದು. ವೇಜರಿಂಗ್ ಇಪ್ಪತ್ತೈದು ಪಟ್ಟಿಗಿಂತ ಜಾಸ್ತಿ ಇದ್ದರೆ ಬೋನಸ್ ಕಾಗದದ ಮೇಲೂ ನಷ್ಟದ್ದೇ. ಅದೂ ಆಟ ನಿಜವಾಗಿ ಶೇ. 96 ಕೊಡುತ್ತಿದ್ದರೆ. ಒಂದೇ ಸ್ಲಾಟ್ ಆಟವನ್ನು ತಯಾರಕರು ಬೇರೆ ಬೇರೆ ಆರ್‌ಟಿಪಿಯಲ್ಲಿ ಕೊಡುವುದುಂಟು. ಅದೇ ಹೆಸರು, ಅದೇ ಚಿತ್ರ, ಒಳಗೆ 94. ಆಗ ಗಡಿ ಸುಮಾರು ಹದಿನೇಳು ಪಟ್ಟಿಗೆ ಇಳಿಯುತ್ತದೆ. ಆಟದೊಳಗಿನ ಸಹಾಯದ ಪುಟದಲ್ಲಿ ಸಂಖ್ಯೆ ಇದ್ದರೂ ಇರಬಹುದು, ಆದರೆ ಆ ಹೊತ್ತಿನಲ್ಲಿ ಸಹಾಯದ ಪುಟ ತೆಗೆದು ಓದುವವರು ಯಾರು?

ಲೆಕ್ಕ ಬಲ್ಲವರು ಇಲ್ಲಿ ಒಂದು ಪ್ರಶ್ನೆ ಎತ್ತಬಹುದು. ದುಡ್ಡು ಅರ್ಧದಲ್ಲೇ ಖಾಲಿಯಾದವನು ಮೂರೂವರೆ ಲಕ್ಷ ಆಡುವುದೇ ಇಲ್ಲ, ಅಂದಮೇಲೆ ಅವನಿಂದ ಪೂರ್ತಿ ಹದಿನಾಲ್ಕು ಸಾವಿರ ಹೇಗೆ ಹೋಗುತ್ತದೆ? ಸರಿಯಾದ ಪ್ರಶ್ನೆ. ನಿಜವಾದ ಸರಾಸರಿ ನಾನು ಹೇಳಿದ್ದಕ್ಕಿಂತ ಸ್ವಲ್ಪ ಉತ್ತಮ ಇರುತ್ತದೆ. ಬಹಳ ಜನ ನಡುವೆಯೇ ಸೊನ್ನೆಗೆ ಬರುತ್ತಾರೆ, ಕೆಲವರಿಗೆ ದೊಡ್ಡ ಗೆಲುವು ಸಿಕ್ಕಿ ಷರತ್ತು ಮುಗಿಯುತ್ತದೆ, ಆ ಕೆಲವರ ಸ್ಕ್ರೀನ್‌ಶಾಟ್ ಮಾತ್ರ ನಿಮ್ಮ ಗ್ರೂಪಿಗೆ ಬರುತ್ತದೆ. ಆದರೆ ಬೋನಸ್‌ನಿಂದ ಗೆದ್ದದ್ದರಲ್ಲಿ ಇಷ್ಟಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಅಂತ ಎಷ್ಟೋ ಸೈಟುಗಳು ಮಿತಿ ಹಾಕಿರುತ್ತವೆ. ಕೆಳಗೆ ಬಿದ್ದರೆ ಸೊನ್ನೆ, ಮೇಲೆ ಹೋದರೆ ತಲೆಗೆ ಚಾವಣಿ. ಆ ಸ್ವಲ್ಪ ಉತ್ತಮವೂ ಅಲ್ಲಿಗೆ ಹೋಯಿತು.

ಹೊತ್ತಿನ ಲೆಕ್ಕವನ್ನಂತೂ ಯಾರೂ ಹಾಕುವುದಿಲ್ಲ. ಒಂದು ಸ್ಪಿನ್‌ಗೆ ಐವತ್ತು ರೂಪಾಯಿಯಂತೆ ಮೂರೂವರೆ ಲಕ್ಷ ಅಂದರೆ ಏಳು ಸಾವಿರ ಸ್ಪಿನ್. ನಿಮಿಷಕ್ಕೆ ಹತ್ತರಂತೆ ಒತ್ತಿದರೂ ಹನ್ನೊಂದೂವರೆ ತಾಸಿನ ಮೇಲಾಗುತ್ತದೆ. ಬೇಗ ಮುಗಿಸೋಣ ಅಂತ ಒಮ್ಮೆಗೆ ಎರಡು ಸಾವಿರ ಕಟ್ಟಿದಿರೋ, ಅದಕ್ಕೂ ಒಂದು ಷರತ್ತು ಇದೆ. ಬೋನಸ್ ಚಾಲೂ ಇರುವಾಗ ಒಂದು ಪಣ ಇಷ್ಟಕ್ಕಿಂತ ಮೀರಬಾರದು, ಮೀರಿದರೆ ಗೆದ್ದದ್ದೆಲ್ಲ ರದ್ದು. ಮೀರುವಾಗ ಆಪ್ ತಡೆಯುತ್ತದೆ ಅಂತ ನಂಬಬೇಡಿ. ಎಷ್ಟೋ ಕಡೆ ಸುಮ್ಮನಿದ್ದು, ದುಡ್ಡು ತೆಗೆಯಲು ಹೋದಾಗ ಹಳೆಯ ಆಟ ತೆಗೆದು ತೋರಿಸುತ್ತಾರೆ. ಇದರ ಮೇಲೆ ಏಳು ದಿನ, ಹದಿನೈದು ದಿನ ಅಂತ ಗಡುವು ಬೇರೆ.

ಸರಿ, ಸ್ಲಾಟ್ ಬೇಡ, ಕ್ಯಾಸಿನೊ ಪಾಲು ಕಡಿಮೆ ಇರುವ ಆಟ ಆಡ್ತೀವಿ ಅಂತಾರೆ ನಮ್ಮ ಜಾಣರು. ಯೋಚನೆ ತಪ್ಪಲ್ಲ. ಬ್ಲ್ಯಾಕ್‌ಜಾಕ್ ಅನ್ನುವ ಇಸ್ಪೀಟಾಟವನ್ನು ಪುಸ್ತಕದಲ್ಲಿರುವ ಹಾಗೆ ತಪ್ಪಿಲ್ಲದೆ ಆಡಿದರೆ ಕ್ಯಾಸಿನೊ ಪಾಲು ಶೇ. ಅರ್ಧದಷ್ಟೇ. ರೂಲೆಟ್ ಅಂದರೆ ಅಂಕಿ ಬರೆದ ಚಕ್ರದಲ್ಲಿ ಚೆಂಡು ಉರುಳಿಸುವ ಆಟ. ಒಂದೇ ಸೊನ್ನೆಯ ರೂಲೆಟ್‌ನಲ್ಲಿ ಶೇ. 2.70, ಎರಡು ಸೊನ್ನೆಯದ್ದಾದರೆ ಶೇ. 5.26. ನಮ್ಮವರಿಗೆ ಹಿಡಿಸುವುದು ಅಂದರ್ ಬಾಹರ್. ಅದರ ಲೆಕ್ಕ ಚೆನ್ನಾಗಿದೆ, ಸ್ವಲ್ಪ ನಿಂತು ನೋಡೋಣ. ನಡುವೆ ಒಂದು ಎಲೆ ಇಟ್ಟು, ಅದೇ ಅಂಕಿಯ ಎಲೆ ಬರುವವರೆಗೆ ಅಂದರ್, ಬಾಹರ್ ಎರಡು ಕಡೆಗೂ ಸರದಿಯಂತೆ ಎಲೆ ಹಾಕುತ್ತಾರೆ, ಅದು ಬಿದ್ದ ಕಡೆ ಗೆದ್ದಂತೆ. ನಡುವಿನ ಎಲೆ ತೆಗೆದ ಮೇಲೆ ಮೊದಲ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆಗೆ ಗೆಲ್ಲುವ ಸಾಧ್ಯತೆ ಸುಮಾರು ಶೇ. 51.5. ಅಂದರ್ ಕಡೆ ಮೊದಲು ಹಾಕುವ ಮೇಜಿನಲ್ಲಿ ಅಂದರ್ ಗೆದ್ದರೆ ನೂರಕ್ಕೆ ತೊಂಬತ್ತು, ಬಾಹರ್ ಗೆದ್ದರೆ ನೂರಕ್ಕೆ ನೂರು ಕೊಡುತ್ತಾರೆ ಅಂದುಕೊಳ್ಳಿ. ಆಗ ಅಂದರ್ ಮೇಲೆ ಕ್ಯಾಸಿನೊ ಪಾಲು ಶೇ. 2.15, ಬಾಹರ್ ಮೇಲೆ ಶೇ. 3. ಊರ ಜಾತ್ರೆಯ ಮರೆಯಲ್ಲಿ ಕಂಬಳಿ ಹಾಸಿ ಆಡುವವರು ಈ ವ್ಯತ್ಯಾಸ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅವರದ್ದು ಬೇರೆಯೇ ಶಾಸ್ತ್ರ, ಅದು ಇರಲಿ. ಅಂದರ್ ಮೇಲೆ ಮೂರೂವರೆ ಲಕ್ಷ ಆಡಿದರೆ ಸರಾಸರಿ ನಷ್ಟ 7,525. ಬೋನಸ್ ಹತ್ತು ಸಾವಿರ. ಲಾಭ!

ಇದು ಕ್ಯಾಸಿನೊದವರಿಗೂ ಗೊತ್ತು. ಅದಕ್ಕೇ ಯಾವ ಆಟಕ್ಕೆ ಎಷ್ಟು ಲೆಕ್ಕಕ್ಕೆ ಸೇರುತ್ತದೆ ಅಂತ ಒಂದು ಪಟ್ಟಿ ಇಟ್ಟಿರುತ್ತಾರೆ. ಸ್ಲಾಟ್ ಆದರೆ ನೂರಕ್ಕೆ ನೂರು. ಮೇಜಿನ ಆಟ, ಲೈವ್ ಆಟ ಆದರೆ ನೂರಕ್ಕೆ ಹತ್ತು, ಕೆಲವು ಕಡೆ ಸೊನ್ನೆ. ಹತ್ತು ಅಂದರೆ ಮೂರೂವರೆ ಲಕ್ಷ ಮುಗಿಸಲು ಮೂವತ್ತೈದು ಲಕ್ಷ ಆಡಬೇಕು. ಅಂದರ್ ಮೇಲೆ ನಷ್ಟ 75,250. ಬ್ಲ್ಯಾಕ್‌ಜಾಕ್‌ನಲ್ಲಿ ಆ ಅರ್ಧ ಪರ್ಸೆಂಟೇ 17,500 ಆಗುತ್ತದೆ, ಅಂದರೆ ಸ್ಲಾಟ್‌ಗಿಂತಲೂ ಜಾಸ್ತಿ. ಈ ಪಟ್ಟಿ ಸುಮ್ನೆ ಹುಟ್ಟಿದ್ದಲ್ಲ. 2000ದ ಆಸುಪಾಸಿನಲ್ಲಿ ಆನ್‌ಲೈನ್ ಕ್ಯಾಸಿನೊಗಳು ಹೊಸದಾಗಿದ್ದಾಗ ಷರತ್ತು ಸಡಿಲ ಇತ್ತು, ಲೆಕ್ಕ ಬಲ್ಲ ಕೆಲವರು ಸೈಟಿಂದ ಸೈಟಿಗೆ ಹೋಗಿ ಬ್ಲ್ಯಾಕ್‌ಜಾಕ್ ಆಡಿ ಬೋನಸ್ ಎತ್ತಿಕೊಂಡು ಬರುತ್ತಿದ್ದರು. ಇವತ್ತು ನೀವು ಓದುವ ಒಂದೊಂದು ಷರತ್ತೂ ಅಂಥವರು ನುಗ್ಗಿದ ಬಾಗಿಲಿಗೆ ಹಾಕಿದ ಬೀಗ. ಅದೂ ಸಾಲದು ಅಂತ, ಬೋನಸ್ ದುರುಪಯೋಗ ಅಂತ ಅನಿಸಿದರೆ ಹಣ ತಡೆಹಿಡಿಯುವ ಹಕ್ಕು ನಮ್ಮದು ಅಂತ ಬರೆದಿರುತ್ತಾರೆ. ಅನಿಸಬೇಕಾದದ್ದು ಅವರಿಗೇ.

ಫ್ರೀ ಸ್ಪಿನ್ ಅನ್ನುವ ಪುಗಸಟ್ಟೆ ಮಾಲಿಗೂ ಇದೇ ಲೆಕ್ಕ. ಹತ್ತು ರೂಪಾಯಿಯ ಐವತ್ತು ಸ್ಪಿನ್, ಸರಾಸರಿ ಗೆಲುವು 480. ಅದರ ಮೇಲೆ ನಲವತ್ತು ಪಟ್ಟು ಷರತ್ತು ಇದ್ದರೆ 19,200ರ ಆಟ, ನಷ್ಟ 768. ಕೈಯಿಂದ ಹಾಕಿಲ್ಲವಲ್ಲ, ಹೋದರೆ ಹೋಗಲಿ ಅನ್ನಬಹುದು. ಆದರೆ ಆಧಾರ್, ಪಾನ್ ಫೋಟೊ ಕಳಿಸಿದ್ದೀರಿ, ತೆಗೆಯುವ ಮೊದಲು ಒಮ್ಮೆ ಡೆಪಾಸಿಟ್ ಮಾಡಿ ಅಂತಲೂ ಕೇಳುತ್ತಾರೆ.

ಎಲ್ಲ ಬೋನಸ್ಸೂ ಹೀಗೇ ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. ಬ್ರಿಟನ್‌ನಲ್ಲಿ 2026ರ ಜನವರಿ 19ರಿಂದ ವೇಜರಿಂಗ್ ಹತ್ತು ಪಟ್ಟು ಮೀರುವಂತಿಲ್ಲ ಅಂತ ಅಲ್ಲಿನ ಜೂಜು ಆಯೋಗ ನಿಯಮ ಮಾಡಿದೆ. ಹತ್ತು ಪಟ್ಟಿಗೆ ಹಾಕಿ ನೋಡಿ. ಒಂದು ಲಕ್ಷದ ಆಟ, ನಷ್ಟ ನಾಲ್ಕು ಸಾವಿರ, ಬೋನಸ್ ಹತ್ತು ಸಾವಿರ. ಲೆಕ್ಕದ ಮಟ್ಟಿಗೆ ತಗೊಳ್ಳಬಹುದಾದ ಬೋನಸ್ಸೇ. ಸ್ವೀಡನ್‌ನಲ್ಲಿ 2019ರಿಂದ ಮೊದಲ ಸಲ ಆಡುವಾಗ ಒಮ್ಮೆ ಮಾತ್ರ ಬೋನಸ್ ಕೊಡಬಹುದು, ಆಮೇಲೆ ವಾರಕ್ಕೊಂದು ಆಸೆ ತೋರಿಸುವ ಹಾಗಿಲ್ಲ. ಅಂದರೆ ಬೋನಸ್ ಒಳ್ಳೆಯದೋ ಕೆಟ್ಟದೋ ಅನ್ನುವುದು ಅದರ ಹಿಂದೆ ಯಾವ ಕಾನೂನು ನಿಂತಿದೆ ಅನ್ನುವುದರ ಮೇಲೆ ಬಹಳ ಮಟ್ಟಿಗೆ ನಿಂತಿದೆ.

ನಮ್ಮಲ್ಲಿ ಏನು ನಿಂತಿದೆ? ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಹಣದ ಆಟ ನಿಷೇಧಿಸಿತ್ತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ ಆನ್‌ಲೈನ್ ಹಣದ ಆಟವನ್ನು ದೇಶಕ್ಕೆಲ್ಲ ನಿಷೇಧಿಸುವ ಕೇಂದ್ರದ ಕಾಯ್ದೆ ಬಂತು. 2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಅದೃಷ್ಟದ ಆಟ ಮಾತ್ರ ಜೂಜು, ಕೌಶಲದ ಆಟ ಜೂಜಲ್ಲ ಅನ್ನುವ ಹಳೆಯ ವಾದವನ್ನೇ ಅದು ಬದಿಗಿಟ್ಟಿತು. ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡುವವರಿಗೆ ಎರಡು ವರ್ಷ, ಐವತ್ತು ಲಕ್ಷದವರೆಗೆ. ಡ್ರೀಮ್11, ಎಂಪಿಎಲ್‌ನಂಥ ದೊಡ್ಡವರು ಆಗಸ್ಟ್‌ನಲ್ಲೇ ಹಣದ ಆಟ ನಿಲ್ಲಿಸಿದರು. ಆಡುವವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ ಅಂತ ನಮ್ಮ ಹುಡುಗರು ಖುಷಿಯಾಗಿ ಹೇಳುತ್ತಾರೆ. ಇಲ್ಲ, ನಿಜ. ಆದರೆ ಒಳ್ಳೆಯ ಕಂಪನಿ ಹೋದ ಮೇಲೆ ಉಳಿದವರು ಯಾರು ಅಂತ ಯೋಚನೆ ಮಾಡಿ. ಕುರಸಾವೊ ದ್ವೀಪದ ಲೈಸೆನ್ಸ್ ಅಂತ ಪುಟದ ಕೆಳಗೆ ಹಾಕಿಕೊಂಡವರು, ಅದೂ ಇಲ್ಲದವರು. ಅವರು ಕೊಡಬೇಕಾದ್ದು ಕೊಡದಿದ್ದರೆ ನೀವು ಕಲಬುರಗಿಯ ಯಾವ ಕೋರ್ಟಿಗೆ ಹೋಗುತ್ತೀರಿ?

ನನಗೆ ಜಾಸ್ತಿ ಹೆದರಿಕೆ ಇರುವುದು ದುಡ್ಡು ಓಡಾಡುವ ದಾರಿಯ ಬಗ್ಗೆ. ಇಂಥ ಸೈಟುಗಳಲ್ಲಿ ಹಣ ಹಾಕಲು ಕೊಡುವ ಯುಪಿಐ ಐಡಿ ಯಾರದೋ ಹೆಸರಲ್ಲಿರುತ್ತದೆ, ನಾಳೆ ಇನ್ನೊಬ್ಬರದು. ಗೆದ್ದ ದುಡ್ಡು ಕೂಡ ಹಾಗೆಯೇ ಯಾರದೋ ಖಾತೆಯಿಂದ ಬರುತ್ತದೆ. ಆ ಖಾತೆಗೆ ಬೇರೆ ಯಾವುದೋ ಊರಿನ ಸೈಬರ್ ವಂಚನೆಯ ಹಣ ಬಂದಿದ್ದರೆ, ದೂರಿನ ಜಾಡು ಹಿಡಿದು ನಿಮ್ಮ ಖಾತೆಯನ್ನೂ ತಡೆಹಿಡಿಯುತ್ತಾರೆ. ಎರಡು ಸಾವಿರ ಗೆದ್ದದ್ದಕ್ಕೆ ಸಂಬಳದ ಖಾತೆ ಬಂದ್. ಬ್ಯಾಂಕಿನವರು ಪೊಲೀಸರನ್ನು ಕೇಳಿ ಅಂತಾರೆ, ಪೊಲೀಸ್ ಠಾಣೆ ಇರುವುದು ಇನ್ನೊಂದು ರಾಜ್ಯದಲ್ಲಿ. ಈ ಖರ್ಚನ್ನು ಯಾವ ಪರ್ಸೆಂಟಿಗೆ ಹಾಕುತ್ತೀರಿ?

ಎಲ್ಲ ದಾಟಿ ಗೆದ್ದರೂ ಆನ್‌ಲೈನ್ ಆಟದ ನಿವ್ವಳ ಗೆಲುವಿಗೆ 2023ರ ಏಪ್ರಿಲ್‌ನಿಂದ ಶೇ. 30 ತೆರಿಗೆ ಇದೆ, ಸೆಸ್ ಸೇರಿ 31.2.

ಈಗಾಗಲೇ ದುಡ್ಡು ಹಾಕಿ ಬೋನಸ್ಸಿನಲ್ಲಿ ಸಿಕ್ಕಿಕೊಂಡವರು ಕೇಳುತ್ತಾರೆ, ಏನು ಮಾಡಲಿ ಅಂತ. ಬೋನಸ್ ಬೇಡ ಅಂತ ರದ್ದು ಮಾಡುವ ಆಯ್ಕೆ ಕೆಲವು ಸೈಟುಗಳಲ್ಲಿ ಇರುತ್ತದೆ, ಆಗ ಉಳಿದ ನಿಮ್ಮ ಸ್ವಂತ ಹಣ ತೆಗೆಯಲು ಬರಬಹುದು. ತೆಗೆಯಬೇಕಾದರೆ ಇನ್ನಷ್ಟು ಹಾಕಿ, ತೆರಿಗೆ ಮುಂಗಡ ಕಟ್ಟಿ ಅಂತ ಕೇಳಿದರೋ, ಅಲ್ಲಿಗೆ ಅದು ಆಟವೇ ಅಲ್ಲ. ಒಂದು ರೂಪಾಯಿಯನ್ನೂ ಹಾಕದೆ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು, ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಯಬೇಕು.

ಗೋವಾದ ಬಗ್ಗೆಯೂ ಕೇಳಿದ್ದರು ಒಬ್ಬರು. ಮಾಂಡೋವಿ ನದಿಯ ಹಡಗುಗಳಲ್ಲಿ ಕ್ಯಾಸಿನೊ ಕಾನೂನಿನ ಪ್ರಕಾರವೇ ನಡೆಯುತ್ತದೆ. ಪ್ರವೇಶದ ಟಿಕೆಟ್ಟಿನ ಜೊತೆ ಒಮ್ಮೆ ಮಾತ್ರ ಆಡಬಹುದಾದ ಚಿಪ್ ಕೊಡುವ ಪದ್ಧತಿ ಅಲ್ಲಿದೆ. ಅದನ್ನು ನಗದು ಮಾಡಲು ಬರುವುದಿಲ್ಲ. ಸಾವಿರದ ಚಿಪ್ಪನ್ನು ಒಂದೇ ಸೊನ್ನೆಯ ರೂಲೆಟ್‌ನಲ್ಲಿ ಕೆಂಪಿನ ಮೇಲೆ ಇಟ್ಟರೆ ಗೆಲ್ಲುವ ಸಾಧ್ಯತೆ 37ರಲ್ಲಿ 18, ಗೆದ್ದರೆ ಸಾವಿರದ ನಿಜವಾದ ಚಿಪ್ ಕೈಗೆ ಬರುತ್ತದೆ. ಹಾಗಾಗಿ ಅದರ ಬೆಲೆ ಸಾವಿರ ಅಲ್ಲ, ಸುಮಾರು 486 ರೂಪಾಯಿ. ಮೂವತ್ತೈದು ಪಟ್ಟು ಅನ್ನುವ ತಲೆನೋವು ಇಲ್ಲ, ಗೆದ್ದ ಕೂಡಲೇ ಎದ್ದು ಬರಬಹುದು. ಟಿಕೆಟ್ಟಿನ ಬೆಲೆಯಲ್ಲಿ ಈ 486 ಕಳೆಯಿರಿ. ಉಳಿದ ಮೊತ್ತಕ್ಕೆ ಊಟ, ಹಾಡು, ನದಿಯ ಗಾಳಿ ಸರಿಹೋಗುತ್ತದೆ ಅನಿಸಿದರೆ ಹೋಗಿ ಬನ್ನಿ.