ಇಷ್ಟ ಆಯ್ತು, ತಗೊಂಡೆ. ಇದರಲ್ಲಿ ಸಂಶೋಧನೆ ಮಾಡೋಕೇನಿದೆ?

ಜನ ಬಟ್ಟೆ ಹೇಗೆ ಕೊಳ್ಳುತ್ತಾರೆ ಅನ್ನೋದು ನನ್ನ ಸಂಶೋಧನೆಯ ವಿಷಯ. ಅದನ್ನು ಹೇಳಿದ ಕೂಡಲೇ ಈ ಪ್ರಶ್ನೆ ಬರುತ್ತದೆ. ನನ್ನ ಉತ್ತರ ಇಷ್ಟೇ: ಯಾಕೆ ಇಷ್ಟ ಆಯ್ತು ಅಂತ ಕೊಂಡವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಆದರೂ ಕೇಳಿದರೆ ಥಟ್ಟನೆ ಒಂದು ಕಾರಣ ಹೇಳುತ್ತಾರೆ.

1970ರ ದಶಕದಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ ಎಂಬ ಮನಃಶಾಸ್ತ್ರಜ್ಞರು ಅಮೆರಿಕದ ಒಂದು ಅಂಗಡಿಯಲ್ಲಿ ನಾಲ್ಕು ಜೊತೆ ನೈಲಾನ್ ಸ್ಟಾಕಿಂಗ್ಸ್ (ಹೆಂಗಸರ ಉದ್ದ ಕಾಲುಚೀಲ) ಸಾಲಾಗಿ ಇಟ್ಟರು. ಯಾವುದು ಚೆನ್ನಾಗಿದೆ ಹೇಳಿ ಅಂತ ಗಿರಾಕಿಗಳನ್ನು ಕೇಳಿದರು. ಎಡತುದಿಯದನ್ನು ಆರಿಸಿದವರು ಶೇ. 12. ಪಕ್ಕದ್ದಕ್ಕೆ ಶೇ. 17, ಆಮೇಲಿನದಕ್ಕೆ ಶೇ. 31, ಬಲತುದಿಯದಕ್ಕೆ ಶೇ. 40. ಯಾಕೆ ಅಂತ ಕೇಳಿದರೆ ಬಟ್ಟೆಯ ಗುಣವನ್ನೇ ಕಾರಣವಾಗಿ ಕೊಟ್ಟರು. ಆದರೆ ನಾಲ್ಕೂ ಒಂದೇ ಮಾಲು! ಇಟ್ಟ ಜಾಗದಿಂದ ಹಾಗನ್ನಿಸಿತಾ ಅಂತ ನೇರವಾಗಿ ಕೇಳಿದಾಗಲೂ ಹೆಚ್ಚುಕಮ್ಮಿ ಎಲ್ಲರೂ ಇಲ್ಲವೇ ಇಲ್ಲ ಅಂದರು. ಅವರು ಸುಳ್ಳು ಹೇಳಲಿಲ್ಲ. ನಿಜವಾಗಿ ಹಾಗೇ ನಂಬಿದ್ದರು.

ಬೆಲೆಯ ಕಥೆಯೂ ಹೀಗೇ. ಎರಿಕ್ ಆಂಡರ್ಸನ್, ಡಂಕನ್ ಸಿಮೆಸ್ಟರ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಉಡುಪನ್ನು ಬೇರೆ ಬೇರೆ ಬೆಲೆಗೆ ಕ್ಯಾಟಲಾಗಿನಲ್ಲಿ ಹಾಕಿಸಿದರು. 34 ಡಾಲರಿಗಿಂತ 39 ಡಾಲರಿಗೇ ಅದು ಜಾಸ್ತಿ ಮಾರಾಟವಾಯಿತು. 39ರ ಹಾಗೆ ದುಂಡು ಸಂಖ್ಯೆಗೆ ಚೂರು ಕಮ್ಮಿ ಇರುವ ಬಾಟಾ ಬೆಲೆ ನೋಡಿ ಬೆಳೆದ ನಮಗೆ ಇದು ಹೊಸದಲ್ಲ, ಅಲ್ವಾ?

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಮುಟ್ಟುವ ವಿಷಯ. 2009ರಲ್ಲಿ ಜೋಆನ್ ಪೆಕ್, ಸುಜಾನ್ ಶು ಕಾಫಿ ಮಗ್‌ನಂಥ ವಸ್ತುಗಳನ್ನಿಟ್ಟು ತೋರಿಸಿದರು: ಸುಮ್ನೆ ಮುಟ್ಟಿದರೂ ಸಾಕು, ವಸ್ತು ನಮ್ಮದೇ ಅನ್ನಿಸತೊಡಗುತ್ತದೆ. ಈಗ ಚಿಕ್ಕಪೇಟೆಯ ಸೀರೆ ಅಂಗಡಿ ನೆನೆಸಿಕೊಳ್ಳಿ. ಬಿಳಿ ಹಾಸಿನ ಮೇಲೆ ಸೀರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಸೆರಗು ಹೆಗಲಿಗೆ ಬರುತ್ತದೆ. ಕನ್ನಡಿ ಮುಂದೆ ನಿಲ್ಲಿಸುತ್ತಾರೆ. ಬೆಲೆಯ ಮಾತು ಆಮೇಲೆ.

ಹಾಗಂತ ಗಿರಾಕಿಗಳು ಮೋಸ ಹೋಗುವ ಪೆದ್ದರು ಅಂದರೆ ನಾನು ಒಪ್ಪುವುದಿಲ್ಲ. ರೇಷ್ಮೆಯ ತೂಕ, ಜರಿಯ ಒರಟು ತಿಳಿಯಬೇಕಾದರೆ ಕೈಯಲ್ಲೇ ಹಿಡಿಯಬೇಕು. ಅಮ್ಮಂದಿರು ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡುವುದು ದೊಡ್ಡ ವಿದ್ಯೆ. ಆದರೆ ಅದೇ ಬೆರಳು ಸೀರೆಯನ್ನು ನಮ್ಮದೂ ಮಾಡಿಬಿಡುತ್ತದೆ. ಮುಟ್ಟಿ ತಿಳಿದದ್ದೆಷ್ಟು, ಮುಟ್ಟಿ ಸೋತದ್ದೆಷ್ಟು? ಇದನ್ನು ಬಿಡಿಸಿ ನೋಡುವುದು ಕಷ್ಟ, ಮತ್ತು ಅದೇ ನನ್ನ ಪ್ರೀತಿಯ ಕೆಲಸ.

ಅದಕ್ಕೇ ನಾನು ಗಿರಾಕಿಗಳನ್ನು ‘ಯಾಕೆ ತಗೊಂಡ್ರಿ’ ಅಂತ ಕೇಳುವುದು ಕಮ್ಮಿ. ಯಾವುದನ್ನು ಮೊದಲು ಮುಟ್ಟಿದರು, ಎಷ್ಟು ಹೊತ್ತು ಹಿಡಿದಿದ್ದರು, ಬೆಲೆಚೀಟಿ ತಿರುಗಿಸಿದ್ದು ಅದಕ್ಕೂ ಮುಂಚೆಯೋ ಆಮೇಲೋ ಅಂತ ಬರೆದುಕೊಳ್ಳುತ್ತೇನೆ.